ಉಪ್ಪು ನೋಡುವ ಕೈ

ನಮ್ಮ ಮನೆಯಲ್ಲಿ ಮೀನಿನ ಸಾರಿಗೆ ಉಪ್ಪು ನೋಡುವ ಕೆಲಸ ನನ್ನದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಿಕ್ಕಿದ ಕೆಲಸ ಅದು. ಈಗ ನಾನೇ ನಾಲ್ಕನೇ ಕ್ಲಾಸಿನವರಿಗೆ ಕನ್ನಡ ಪಾಠ ಮಾಡುತ್ತೇನೆ, ಆದರೂ ಆ ಕೆಲಸದಿಂದ ನಿವೃತ್ತಿ ಸಿಕ್ಕಿರಲಿಲ್ಲ. ಸಾರು ಕುದಿ ಬರುವ ಹೊತ್ತಿಗೆ ಅಮ್ಮ ಸೌಟಿನ ತುದಿಯಲ್ಲಿ ಒಂದಿಷ್ಟು ಎತ್ತಿ, ಊದಿ ಆರಿಸಿ, "ಬಾಲೆ, ಕೈ ತಾ" ಎಂದು ಕರೆಯುವಳು. ಬಾಲೆ ಅಂದರೆ ತುಳುವಿನಲ್ಲಿ ಮಗು. ಮೂವತ್ತೈದು ದಾಟಿದರೂ ಅವಳಿಗೆ ನಾನು ಬಾಲೆಯೇ. ನಾನು ಹೋಗಿ ಅಂಗೈ ಒಡ್ಡಬೇಕು, ನೆಕ್ಕಬೇಕು, ತೀರ್ಪು ಹೇಳಬೇಕು. ಉಪ್ಪು ಮಾತ್ರವಲ್ಲ, ಖಾರ, ಹುಳಿ ಎಲ್ಲದಕ್ಕೂ ನಾನೇ ನ್ಯಾಯಾಧೀಶೆ. ಚಿಕ್ಕವಳಿದ್ದಾಗ ಒಂದು ದಿನ ನಾನು ಮುಖ ಹುಳ್ಳಗೆ ಮಾಡಿದರೆ ಮರುದಿನ ಸಾರಿನಲ್ಲಿ ಹುಳಿ ಕಡಿಮೆಯಾಗುತ್ತಿತ್ತು.

ಅಮ್ಮನಿಗೆ ನಾಲಗೆ ಇಲ್ಲವೆಂದಲ್ಲ. ಅದು ಬಂದರಿನ ಧಕ್ಕೆಯಲ್ಲಿ ಎಲ್ಲರಿಗೂ ಗೊತ್ತಿರುವ ನಾಲಗೆ. ಬೆಳಿಗ್ಗೆ ಬೋಟು ಬಂದು ನಿಂತ ಕೂಡಲೇ ಹರಾಜಿಗೆ ನಿಂತು, ಬುಟ್ಟಿ ತುಂಬಿಸಿ, ಮಾರ್ಕೆಟಿನಲ್ಲಿ ಕೂತು ಮಧ್ಯಾಹ್ನದವರೆಗೆ ಮೀನು ಮಾರುತ್ತಾಳೆ. ಅಪ್ಪ ಬೋಟಿನಲ್ಲಿ ದುಡಿದವರು, ಈಗ ಅಂಗಳದಲ್ಲಿ ಕೂತು ಬಲೆ ಸರಿಮಾಡುತ್ತಾರೆ. ನಮ್ಮದು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಮರಳಿನ ಪಟ್ಟಿಯ ಮೇಲಿನ ಮನೆ. ಪೇಟೆಗೆ ಬರಬೇಕಾದರೆ ದೋಣಿಯಲ್ಲಿ ಹೊಳೆ ದಾಟಬೇಕು. ಇಂಥ ಮನೆಯ, ಇಂಥ ಕಸುಬಿನ ಹೆಂಗಸು ಮೀನು ಬಾಯಿಗೆ ಇಡುವುದಿಲ್ಲ. ಅದು ಗೊತ್ತಿದ್ದ ಗಿರಾಕಿಗಳು ಕೆಣಕುತ್ತಿದ್ದರು, "ನೀವೇ ತಿನ್ನದ ಮೀನನ್ನು ನಾವು ತಿನ್ನಬೇಕಾ ಮಾರಾಯ್ತಿ?" ಅಮ್ಮ ಅಂಜಲ್ ಮೀನಿನ ಕಿವಿರು ಎತ್ತಿ ತೋರಿಸಿ, "ನಾನು ತಿಂದ್ರೆ ನಿಮಗೆ ಎಂತ ಉಳೀತದೆ?" ಎನ್ನುವಳು. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಯಾಕೆಂದರೆ ಅವಳು ಮೀನು ಬಿಟ್ಟದ್ದು ನನ್ನ ದೆಸೆಯಿಂದ.

ಬಿಡುವ ಮೊದಲು ಅವಳು ಮೀನು ತಿನ್ನುತ್ತಿದ್ದ ಚಂದವನ್ನು ನಾನು ಮರೆತಿಲ್ಲ. ಬಂಗುಡೆಯ ತಲೆ ಯಾವಾಗಲೂ ಅವಳದ್ದು. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಆ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಬಿಡಿಸುವಳು. ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ ಒಂದೊಂದೇ ಎಲುಬನ್ನು ಚೀಪಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುವಳು. ಆ ಹೊತ್ತಿನಲ್ಲಿ ಯಾರು ಕರೆದರೂ ಏಳುತ್ತಿರಲಿಲ್ಲ. ದಿನವಿಡೀ ಇನ್ನೊಬ್ಬರ ಕರೆಗೆ ಓಡುವ ಹೆಂಗಸು ತನಗಾಗಿ ಕೂರುತ್ತಿದ್ದದ್ದು ಆ ಒಂದು ಹೊತ್ತು. ಆ ಚೀಪುವ ಸದ್ದು ಕೇಳಿ ಇಪ್ಪತ್ತೈದು ವರ್ಷ ಕಳೆದರೂ ನನ್ನ ಕಿವಿ ಅದಕ್ಕೆ ಹಂಬಲಿಸುತ್ತಿತ್ತು.

ನಡೆದದ್ದು ಇಷ್ಟು. ನನ್ನ ಕೆಳತುಟಿಯ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿತು. ಹುಳುಕಡ್ಡಿ ಅಂದರು, ಎಣ್ಣೆ ಹಚ್ಚಿದರು. ಅದು ಅವಲಕ್ಕಿಯಷ್ಟಾಯಿತು, ಗಲ್ಲಕ್ಕೆ ಇಳಿಯಿತು. ಆಗ ದೊಡ್ಡಮ್ಮ ಬಂದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಅಮ್ಮನನ್ನು ಕೇಳಿದಳು: "ಮೀನು ತಿಂದ ಮೇಲೆ ಇವಳಿಗೆ ಹಾಲು ಎಂತದಾದ್ರೂ ಕೊಟ್ಟಿದ್ದೀಯಾ?"

ಅಮ್ಮ ಕೊಟ್ಟಿದ್ದಳು. ನಾನು ಜ್ವರದಿಂದ ಎದ್ದ ದಿನ, ಬಾಯಿ ಕೆಟ್ಟಿದೆ ಎಂದು ಹಟ ಮಾಡಿದ್ದಕ್ಕೆ ಮಧ್ಯಾಹ್ನ ಬಂಗುಡೆ ಹುರಿದು ಕೊಟ್ಟು, ಶಕ್ತಿ ಬರಲಿ ಎಂದು ಸಂಜೆ ಹಾಲು ಕುಡಿಸಿದ್ದಳು. ಮೀನಿನ ಮೇಲೆ ಹಾಲು ಬಿದ್ದರೆ ತೊನ್ನು ಬರುತ್ತದೆ ಎಂಬುದು ನಮ್ಮ ಕೇರಿಯಲ್ಲಿ ಹಸುಗೂಸಿಗೂ ಗೊತ್ತಿರುವ ಮಾತು. ಅಮ್ಮ ಬಾಗಿಲ ದಾರಂದ ಹಿಡಿದು ನಿಂತವಳು ಅಲ್ಲೇ ಕುಸಿದು ಕೂತಳು. ಆ ಸಂಜೆಯೇ ನನ್ನನ್ನು ಕರೆದುಕೊಂಡು ಭಜನಾ ಮಂದಿರಕ್ಕೆ ಹೋಗಿ, ದೇವರ ಎದುರು ಹೇಳಿಕೊಂಡಳು. ನನ್ನ ಮಗುವಿನ ಮೈಬಣ್ಣ ತಿರುಗಿ ಬರುವವರೆಗೆ ಮೀನು ಮುಟ್ಟುವುದಿಲ್ಲ. ಮುಟ್ಟುವುದಿಲ್ಲ ಅಂದರೆ ಹೊಟ್ಟೆ ನಡೆಯಬೇಕಲ್ಲ? ಹಾಗಾಗಿ ತಿದ್ದಿ ಹೇಳಿದಳು, ಬಾಯಿಗೆ ಇಡುವುದಿಲ್ಲ.

ನನಗೆ ಹಾಲು ನಿಂತಿತು. ಮದುವೆ ಊಟದ ಪಾಯಸವೂ ನಿಂತಿತು. ಮೀನು ನಿಲ್ಲಿಸುವ ಯೋಚನೆ ಯಾರಿಗೂ ಬರಲಿಲ್ಲ, ಮೊಗವೀರರ ಮನೆಯಲ್ಲಿ ಮಗುವಿಗೆ ಮೀನು ಕೊಡದೆ ಮತ್ತೆ ಎಂತ ಕೊಡುವುದು? ಮರುದಿನದಿಂದ ಅಮ್ಮನ ಬಟ್ಟಲಿನಲ್ಲಿ ಸೌತೆಕಾಯಿ, ಬಸಳೆ. ಮೀನಿನ ಪಾತ್ರೆಯಿಂದ ಒಂದು ತೊಟ್ಟು ಸಾರು ಕೂಡ ಇಲ್ಲ. ಉಪ್ಪು ನೋಡುವ ಕೈ ನನ್ನದಾದದ್ದು ಹಾಗೆ.

ಬಿಳಿ ನಿಲ್ಲಲಿಲ್ಲ. ಕಣ್ಣಿನ ಸುತ್ತ ಬಂತು, ಮೊಣಕೈಗೆ ಬಂತು, ಹತ್ತು ಬೆರಳುಗಳ ತುದಿಗೂ ಬಂತು. ಬೆರಳಿನ ಬಗ್ಗೆ ಶಾಲೆಯಲ್ಲಿ ನನಗೊಂದು ಅನುಕೂಲವಿತ್ತು, ಹೊಸ ಮಕ್ಕಳು ಅದನ್ನು ಚಾಕ್ ಪುಡಿ ಅಂದುಕೊಳ್ಳುತ್ತಿದ್ದರು. "ಟೀಚರ್, ಕೈ ತೊಳೀಲಿಲ್ವಾ?" ಎಂದು ಕೇಳಿದವರಿಗೆ, "ತೊಳೆದ್ರೂ ಹೋಗುದಿಲ್ಲ, ಅಷ್ಟು ಬರೆಸ್ತೀರಿ ನೀವು" ಎಂದು ಗದರುತ್ತಿದ್ದೆ. ಹೆಣ್ಣು ನೋಡಲು ಬಂದವರಿಗೆ ಮಾತ್ರ ಚಾಕ್ ಪುಡಿಯ ಕತೆ ನಡೆಯಲಿಲ್ಲ. ಚಹಾದ ಲೋಟ ತೆಗೆದುಕೊಳ್ಳುವಾಗ ಅವರ ಕಣ್ಣು ಲೋಟದಲ್ಲಿ ಇರುತ್ತಿರಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎಂದವರು ಇನ್ನೂ ಊರಿಗೆ ಮುಟ್ಟಿಲ್ಲ ಎಂದೇ ನಾನು ಹೇಳುವುದು.

ಹಚ್ಚದ ಎಣ್ಣೆಯಿಲ್ಲ, ಕುಡಿಯದ ಕಷಾಯವಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಕಂಕನಾಡಿಯ ಒಂದು ಚರ್ಮದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನನಗಿಂತ ಚಿಕ್ಕವರು. ಕತ್ತಲು ಮಾಡಿ, ನೇರಳೆ ಬಣ್ಣದ ದೀಪ ಹಿಡಿದು ನೋಡಿದರು. ನನಗೇ ಗೊತ್ತಿಲ್ಲದ ಬಿಳಿಗಳು ಮೈಮೇಲೆ ಹೊಳೆದವು. ದೀಪ ಹಾಕಿ ಕೂತು ಅವರು ವಿವರಿಸಿದರು, "ಇದು ಆಟೋಇಮ್ಯೂನ್. ನಿಮ್ಮ ಮೈಯನ್ನು ಕಾಯಬೇಕಾದದ್ದೇ ನಿಮ್ಮ ಬಣ್ಣವನ್ನು ಶತ್ರು ಅಂತ ತಪ್ಪು ತಿಳ್ಕೊಂಡು ಹೊಡೀತಾ ಉಂಟು. ಮೀನು, ಹಾಲು ಯಾವುದೂ ಕಾರಣ ಅಲ್ಲ. ಲೇಸರ್ ಕೊಟ್ಟು ನೋಡುವ. ಹಟಮಾರಿ ಕಾಯಿಲೆ, ನೀವೂ ಹಟ ಬಿಡಬಾರದು."

ಹಟದ ವಿಷಯದಲ್ಲಿ ನಾನು ಅಮ್ಮನ ಮಗಳು. ವಾರಕ್ಕೆರಡು ದಿನ ಬಿಜೈಯಲ್ಲಿರುವ ನಮ್ಮ ಶಾಲೆ ಬಿಟ್ಟ ಮೇಲೆ, ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿ ಕಂಕನಾಡಿಗೆ ಹೋಗುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ ಮಲಗಿಸುತ್ತಿದ್ದರು. ಪೆನ್ನಿಗಿಂತ ಸ್ವಲ್ಪ ದಪ್ಪದ ಒಂದು ಹಿಡಿಕೆಯನ್ನು ಬಿಳಿಯ ಮೇಲೆ ಒತ್ತಿದರೆ ಟಿಕ್ ಎಂಬ ಸದ್ದು, ಸ್ವಲ್ಪ ಬಿಸುಪು. ಬಿಳಿಯ ಅಂಚಿನಿಂದ ಅಂಚಿಗೆ ಚೌಕ ಚೌಕವಾಗಿ ಬೆಳಕು ಇಡುತ್ತಾ ಹೋಗುತ್ತಿದ್ದರು. ನೋವೆಂದರೆ ನೋವಲ್ಲ. ಮರುದಿನ ಆ ಜಾಗ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತಿತ್ತು, ಎರಡು ದಿನದಲ್ಲಿ ಆರುತ್ತಿತ್ತು. ಆಮೇಲೆ ಮತ್ತೆ ಬಸ್ಸು, ಮತ್ತೆ ಕನ್ನಡಕ. ತಿಂಗಳುಗಟ್ಟಲೆ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಗಲ್ಲದ ಮೇಲೆ ಸಣ್ಣ ಕಂದು ಚುಕ್ಕಿ ಕಂಡಿತು. ಬೆಲ್ಲದ ಪುಡಿ ಅಂಟಿದೆಯೆಂದು ಒರೆಸಿದೆ, ಹೋಗಲಿಲ್ಲ. ಪಕ್ಕದಲ್ಲಿ ಇನ್ನೊಂದು. ನಾನು ಬಾಯಿತುಂಬ ನೊರೆ ಇಟ್ಟುಕೊಂಡೇ ಅಮ್ಮನನ್ನು ಕರೆದೆ. ಅಮ್ಮ ಓಡಿ ಬಂದು ನೋಡಿ, ಬೆರಳಿನಿಂದ ಮುಟ್ಟಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಳೆಗಾಲ ಮುಗಿಯುವಷ್ಟರಲ್ಲಿ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ನನ್ನ ಮುಖ ನನ್ನದಾಯಿತು. ಕಣ್ಣಿನ ಸುತ್ತಲೂ ಬಣ್ಣ ಬಂತು, ಮೊಣಕೈಗೂ ಬಂತು. ನಾನು ಕನ್ನಡಿಯ ಎದುರು ನಿಂತು ಒಂಬತ್ತು ವರ್ಷದ ಹುಡುಗಿಯನ್ನು ಹುಡುಕಿದೆ, ಮೂವತ್ತು ಮೀರಿದ ಹೆಂಗಸು ಸಿಕ್ಕಿದಳು. ಅದು ಬೇರೆ ಮಾತು.

"ಲೇಸರ್ ಕೆಲಸ ಮಾಡಿತು ನೋಡು" ಎಂದೆ ಅಮ್ಮನಿಗೆ.

"ಲೈಟು ಹಿಡಿದದ್ದು ಅವರು. ಮೀನು ಬಿಟ್ಟದ್ದು ನಾನು" ಅಂದಳು ಅಮ್ಮ.

"ಆಯ್ತು, ನಿನ್ನ ಹರಕೆಯಿಂದಲೇ ಬಂತು ಅಂತ ಇಟ್ಟುಕೋ. ಬಂತಲ್ವಾ? ಇನ್ನು ತಿನ್ನು."

ಅಮ್ಮ ನನ್ನ ಕೈಯನ್ನು ಎತ್ತಿ ನನಗೇ ತೋರಿಸಿದಳು. ಬೆರಳುಗಳ ತುದಿಗಳು ಬೆಳ್ಳಗೆ ಹಾಗೇ ಇದ್ದವು.

ಬೆರಳು ಜಗ್ಗಲಿಲ್ಲ. ಡಾಕ್ಟರು ಬೆಳಕಿನ ಅಳತೆ ಏರಿಸಿದರು, ಮುಲಾಮು ಬದಲಿಸಿದರು. ಒಮ್ಮೆ ಗುಳ್ಳೆ ಎದ್ದು ಚಾಕ್ ಹಿಡಿಯಲಾಗದೆ ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿದೆ. ಕೊನೆಗೆ ಅವರು ಕಾರಣ ಹೇಳಿದರು. ಬಣ್ಣದ ಬೀಜ ಇರುವುದು ಕೂದಲಿನ ಬುಡದಲ್ಲಂತೆ. ಅಲ್ಲಿಂದಲೇ ಚುಕ್ಕಿಯಾಗಿ ಮೇಲೆ ಬರುವುದಂತೆ. "ಬೆರಳ ತುದಿಯಲ್ಲಿ ಕೂದಲೇ ಇಲ್ವಲ್ಲ. ಬಣ್ಣ ಎಲ್ಲಿಂದ ಬರಬೇಕು ಹೇಳಿ? ನೀವು ಬೇಕಂದ್ರೆ ಇನ್ನೂ ಸ್ವಲ್ಪ ಸಮಯ ಟ್ರೈ ಮಾಡುವ. ಆದರೆ ನಾನು ಆಸೆ ಹುಟ್ಟಿಸುದಿಲ್ಲ."

ಇದನ್ನು ನನ್ನ ಬಾಯಿಂದ ಕೇಳಿದರೆ ಅಮ್ಮ ನಂಬುವವಳಲ್ಲ. ಮುಂದಿನ ಸಲ ಅವಳನ್ನೂ ಕರೆದುಕೊಂಡು ಹೋದೆ. ಮಾರ್ಕೆಟಿನಿಂದ ಬಂದು ಸ್ನಾನ ಮಾಡಿ, ಹೂ ಮುಡಿದು, ಮದುವೆಗೆ ಹೊರಟವಳಂತೆ ಬಂದಳು. ಡಾಕ್ಟರ ಎದುರು ಕುರ್ಚಿಯ ತುದಿಯಲ್ಲಿ ಕೂತು ನೇರ ವಿಷಯಕ್ಕೆ ಬಂದಳು.

"ಡಾಕ್ಟ್ರೇ, ಮೀನು ತಿಂದು ಹಾಲು ಕುಡಿದ್ರೆ ಇದು ಬರ್ತದಲ್ವಾ?"

"ಇಲ್ಲಮ್ಮ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಬಂಗುಡೆ ಆದ್ರೂ?"

"ಯಾವ ಮೀನಾದ್ರೂ ಇಲ್ಲ. ನಿಮ್ಮಿಂದ ಎಂತದೂ ಆಗ್ಲಿಲ್ಲ ಅಮ್ಮ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಮ್ಮನ ಮುಖದಲ್ಲಿಯೂ ಅದನ್ನೇ ಹುಡುಕಿದೆ, ಕಾಣಲಿಲ್ಲ. ಬಸ್ಸಿನಲ್ಲಿ "ಪಾಪ, ಸಣ್ಣ ಪ್ರಾಯದ ಡಾಕ್ಟ್ರು" ಎಂದಷ್ಟೇ ಹೇಳಿದಳು. ದೋಣಿಯಲ್ಲಿ ಹೊಳೆಯ ಮಧ್ಯಕ್ಕೆ ಬಂದಾಗ, ನನ್ನ ಕಡೆ ತಿರುಗದೆ ಕೇಳಿದಳು, "ಅವರು ಹೇಳಿದ್ದು ಹೌದಾದ್ರೆ, ನಾನು ಇಷ್ಟು ವರ್ಷ ಮೀನು ಬಿಟ್ಟದ್ದು ಎಂತಕ್ಕೆ?"

ಅವಳ ತಪ್ಪನ್ನು ತೆಗೆಯಲು ಹೋಗಿ ಅವಳ ತಪಸ್ಸನ್ನೂ ಕಿತ್ತುಕೊಂಡೆನಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಆ ಸಂಜೆ ಬೂತಾಯಿ ಮೀನಿನ ಸಾರಿಗೆ ಅವಳು ಕರೆದಳು, ನಾನು ಅಂಗೈ ಒಡ್ಡಿದೆ. ಸರಿ ಉಂಟು ಎಂದೆ.

ಆ ಸಾರಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಕೆಟ್ಟ ಸಾರಲ್ಲ, ನೆಂಟರು ಕೈ ನೆಕ್ಕುತ್ತಿದ್ದರು. ಆದರೆ ನನ್ನ ಬಾಲ್ಯದ ಸಾರು ಅದಲ್ಲ. ಅನ್ನಕ್ಕೆ ಕಲಸುವ ಮೊದಲೇ ದವಡೆಯ ಮೂಲೆಯಲ್ಲಿ ನೀರೂರಿಸುತ್ತಿದ್ದ ಏನೋ ಒಂದು ಇತ್ತು, ಅದು ಹೋಗಿಬಿಟ್ಟಿತ್ತು. ನಾನು ಅದಕ್ಕೆ ಕಾರಣಗಳನ್ನು ಹುಡುಕಿ ಇಟ್ಟಿದ್ದೆ. ಕಡೆಯುವ ಕಲ್ಲು ಹೋಗಿ ಮಿಕ್ಸಿ ಬಂತು, ಸೌದೆ ಹೋಗಿ ಗ್ಯಾಸ್ ಬಂತು, ಬೋಟುಗಳು ವಾರಗಟ್ಟಲೆ ಕಡಲಲ್ಲಿದ್ದು ಮೀನು ಐಸಿನಲ್ಲಿ ಮಲಗಿ ಬರುತ್ತದೆ. ಒಮ್ಮೆ ಅಪ್ಪನ ಹತ್ತಿರ ಹೇಳಿದಾಗ ಅವರು ಬಲೆಯ ಗಂಟು ಹಾಕುತ್ತಾ, "ಹ್ಞೂ, ಮೊದಲಿನ ಮೀನು ಈಗ ಇಲ್ಲ" ಎಂದರು. ಅಂತೂ ಆ ರುಚಿಯ ಆಸೆಯನ್ನು ನಾನು ಬಿಟ್ಟಿದ್ದೆ.

ಅಮ್ಮನ ವಿಷಯದಲ್ಲಿ ಬಿಡಲಿಲ್ಲ. ಕೇರಿಯ ಗುರಿಕಾರರು, ಅಂದರೆ ನಮ್ಮ ಹಿರಿಯರು, ಹರಕೆ ಒಪ್ಪಿಸುವಾಗ ಮಂದಿರದಲ್ಲಿ ನಿಂತು ಪ್ರಾರ್ಥನೆ ಹೇಳುವವರು. ಅವರ ಮನೆಗೆ ಹೋಗಿ ಕೇಳಿದೆ, ತಪ್ಪುಕಾಣಿಕೆ ಇಟ್ಟು ಅಮ್ಮನ ಹರಕೆ ಬಿಡಿಸಲು ಆಗುತ್ತದಾ ಎಂದು.

ಅವರು ಎಲೆಯಡಿಕೆ ಒಂದು ಬದಿಗೆ ಸರಿಸಿಕೊಂಡು ಹೇಳಿದರು, "ತಪ್ಪುಕಾಣಿಕೆ ತಪ್ಪಿದವರಿಗೆ. ನಿನ್ನ ಅಮ್ಮ ಎಲ್ಲಿ ತಪ್ಪಿದ್ದು? ಹರಕೆ ಹೇಳಿದ್ದು ಅವಳು, ಆದರೆ ನಿನಗಾಗಿ. ನಮ್ಮ ಕ್ರಮದಲ್ಲಿ ಯಾರಿಗಾಗಿ ಹೇಳಿದ್ದೋ ಅವರು ದೇವರ ಎದುರು ನಿಂತು, ನನಗೆ ಸಂದಿತು, ತೃಪ್ತಿ ಆಯಿತು ಅಂತ ಹೇಳಬೇಕು. ಆಗ ಅದು ಮುಗೀತದೆ. ನಿನಗೆ ತೃಪ್ತಿ ಆಗಿದೆಯಾ ಮಗಾ?"

ಎಷ್ಟು ಸುಲಭ! ಒಂದು ಮಾತು ಹೇಳಿದರೆ ಆಯಿತು. ಆದರೆ ನನ್ನ ನಾಲಗೆ ಏಳಲಿಲ್ಲ. ನಾಳೆ ಬಂದು ಹೇಳುತ್ತೇನೆ ಎಂದು ಎದ್ದು ಬಂದೆ. ಆ ನಾಳೆ ಬರಲಿಲ್ಲ.

ಯಾಕೆಂದರೆ ನನಗೆ ಬೆರಳು ಬೇಕಿತ್ತು. ತುಂಬಾ ಬೇಕಿತ್ತು. ಮುಖ ಬಂದ ಮೇಲೆ ಆಸೆ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಬಸ್ಸಿನಲ್ಲಿ ಕಂಬಿ ಹಿಡಿಯುವಾಗ ಕೈ ಮರೆಮಾಡದೆ ಹಿಡಿಯಬೇಕು, ಮದುವೆಮನೆಯಲ್ಲಿ ಮದರಂಗಿ ಇಡುವವಳ ಎದುರು ಕೈಚಾಚಿ ಕೂರಬೇಕು, ಯಾರಾದರೂ ಒಬ್ಬರು ಈ ಬೆರಳುಗಳನ್ನು ಸುಮ್ಮನೆ ಹಿಡಿದುಕೊಂಡಿರಬೇಕು. ದೇವರ ಎದುರು ಸಾಕು ಎಂದುಬಿಟ್ಟರೆ ದೇವರು ಹೌದೆಂದು ಬಿಟ್ಟುಬಿಟ್ಟರೆ? ಲೇಸರನ್ನು ನಂಬುವವಳು, ಮಕ್ಕಳಿಗೆ ಪಾಠ ಹೇಳುವವಳು ನಾನು, ಆ ವಿಷಯಕ್ಕೆ ಬಂದರೆ ಅಮ್ಮನಷ್ಟೇ ಹೆದರಿದೆ. ಕಂಕನಾಡಿಯ ಬಸ್ಸು ಬಿಡಲಿಲ್ಲ. ಡಾಕ್ಟರು ಬೆರಳಿಗೆ ಬೆಳಕು ಇಡುತ್ತಾ ಹೋದರು.

ಮುಂದಿನ ಮಳೆಗಾಲ ಬಂತು. ಬೋಟುಗಳು ಕಡಲಿಗೆ ಇಳಿಯದ ತಿಂಗಳುಗಳವು, ಅಮ್ಮ ಒಣಮೀನು ಮಾರಿದಳು. ಮಳೆ ಕಡಿಮೆಯಾಗಿ ಬೋಟು ಮತ್ತೆ ಹೊರಟು, ಹೊಸ ಬಂಗುಡೆ ಬಂದ ದಿನ ಕೇರಿಯಿಡೀ ಹಬ್ಬ. ಅಂದು ರಜೆ, ನಾನು ಮನೆಯಲ್ಲಿದ್ದೆ. ಅಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತು ಮೀನು ಹಸನು ಮಾಡುತ್ತಿದ್ದಳು. ತಲೆ ಬೇರೆ ಮಾಡಿ ಬದಿಗಿಟ್ಟಳು. ಮತ್ತೆ ಅದನ್ನೇ ಎತ್ತಿ ಮೂಗಿನ ಹತ್ತಿರ ತಂದಳು. ಕಡಲಿನ ವಾಸನೆ ಇನ್ನೂ ಬಿಡದ ಮೀನು. ಅವಳು ಕಣ್ಣು ಮುಚ್ಚಿದಳು, ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು, ಗಂಟಲು ನುಂಗಿತು. ಆಮೇಲೆ ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ, ತಲೆಯನ್ನು ಪಾತ್ರೆಗೆ ಹಾಕಿ, ಕೈಯನ್ನು ತೊಳೆದೇ ತೊಳೆದಳು.

ನಾನು ಕಿಟಕಿಯಿಂದ ಹಿಂದೆ ಸರಿದೆ. ನನ್ನ ಅಮ್ಮ ಸ್ವಂತ ಹಿತ್ತಲಿನಲ್ಲಿ ಕಳ್ಳಿಯಂತೆ ಸುತ್ತ ನೋಡಿದ್ದು ನನಗೆ ತಡೆಯಲಾಗಲಿಲ್ಲ. ನನ್ನ ಬೆರಳ ಆಸೆ ದೊಡ್ಡದೇ. ಆದರೆ ನನ್ನ ಆಸೆಗೆ ಇನ್ನೊಬ್ಬಳ ನಾಲಗೆ ಎಷ್ಟು ವರ್ಷ ಕಾಯಬೇಕು?

ಹೊರಗೆ ಬಂದು, "ಅಮ್ಮ, ಕೈ ತೊಳೆದಾಯ್ತಲ್ಲ, ಸೀರೆ ಬದಲಿಸು. ಮಂದಿರಕ್ಕೆ ಹೋಗುವ" ಎಂದೆ.

"ಈಗಲಾ? ಮೀನು?"

"ಮೀನು ಓಡಿ ಹೋಗುದಿಲ್ಲ. ತಲೆ ತೆಗೆದಿದ್ದಿ."

ಗುರಿಕಾರರನ್ನು ಕರೆಸಿದೆ. ಅವರು ದೀಪ ಹಚ್ಚಿ, ತೆಂಗಿನಕಾಯಿ ಇಟ್ಟು, ಪ್ರಾರ್ಥನೆ ಹೇಳಿ ನನ್ನ ಕಡೆ ನೋಡಿದರು. ಅಮ್ಮನಿಗೆ ಆಗ ವಿಷಯ ಹೊಳೆಯಿತು. "ಬೇಡ ಬಾಲೆ, ಬೆರಳು ಬರ್ಲಿಕ್ಕುಂಟು" ಎಂದು ನನ್ನ ತೋಳು ಹಿಡಿದಳು. ನಾನು ಕೈ ಮುಗಿದೆ. ಮುಗಿದ ಕೈಯಲ್ಲಿ ನನಗೆ ಕಂಡದ್ದು ಆ ಹತ್ತು ಬಿಳಿ ತುದಿಗಳೇ. ಅವುಗಳನ್ನು ನೋಡುತ್ತಲೇ ಹೇಳಿದೆ, "ನನಗೆ ಸಂದಿತು. ತೃಪ್ತಿ ಆಯಿತು."

ತೃಪ್ತಿ ಪೂರ್ತಿ ಆಗಿರಲಿಲ್ಲ. ದೇವರಿಗೆ ಅದು ಗೊತ್ತಿರಬಹುದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅಮ್ಮ ನನ್ನ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು, ಅತ್ತು ಮುಗಿಯುವವರೆಗೆ ಪಕ್ಕದಲ್ಲಿ ಕೂತಳು. ಅವಳ ಕೈಯಲ್ಲಿ ಇನ್ನೂ ಬಂಗುಡೆಯ ವಾಸನೆ ಇತ್ತು.

ಮನೆಗೆ ಬಂದು ಮಸಾಲೆ ಅರೆದಳು, ಸಾರು ಒಲೆಗೇರಿತು. ಕುದಿ ಬಂದಾಗ ರೂಢಿಯಂತೆ ಕರೆದಳು, "ಬಾಲೆ, ಕೈ ತಾ."

ನಾನು ಹೋದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. "ನೀನೇ ನೋಡು."

ಅಮ್ಮ ಸೌಟು ಹಿಡಿದು ನಿಂತಳು, ಒಲೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಎಡಗೈ ನಿಧಾನ ಎತ್ತಿ ತನ್ನ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನಾಲಗೆಗೆ ತಾಗಿಸಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಅಳುತ್ತಾಳೆ ಅಂದುಕೊಂಡಿದ್ದೆ.

ಅವಳು ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ನೆಕ್ಕಿ ನೋಡಿದಳು.

"ಇದೆಂತದು? ಹುಳಿಯೇ ಇಲ್ಲ! ಇಷ್ಟು ವರ್ಷ ನೀವು ಇದನ್ನೇ ತಿಂದದ್ದಾ?"

ಹುಣಸೆಹಣ್ಣಿನ ಭರಣಿಗೆ ಕೈ ಹಾಕಿ ಒಂದು ಉಂಡೆ ತೆಗೆದು, ನೀರಲ್ಲಿ ಕಿವುಚಿ ಸುರಿದಳು. ನೆಕ್ಕಿದಳು, ಮತ್ತಷ್ಟು ಸುರಿದಳು. ನಾಲ್ಕು ಕಲ್ಲುಪ್ಪು ಹಾಕಿದಳು. ಒಂದು ಕುದಿ ಬಂತು. ಆ ಹಬೆ ನನ್ನ ಮೂಗಿಗೆ ತಾಗಿದ್ದೇ ತಡ, ದವಡೆಯ ಮೂಲೆಯಲ್ಲಿ ನೀರೂರಿತು. ಕಲ್ಲೂ ಅಲ್ಲ, ಸೌದೆಯೂ ಅಲ್ಲ, ಐಸೂ ಅಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಮುಖ ಹುಳ್ಳಗೆ ಮಾಡಿದ್ದಕ್ಕೆ ಅಮ್ಮ ಬಿಟ್ಟುಬಿಟ್ಟ ಹುಳಿ ಅದು.

ಅಪ್ಪ ಮೊದಲ ತುತ್ತು ಬಾಯಿಗಿಟ್ಟು ತಲೆಯೆತ್ತಿ ಅಮ್ಮನನ್ನು ನೋಡಿದರು. ಇನ್ನಷ್ಟು ಅನ್ನಕ್ಕೆ ಬಟ್ಟಲು ಮುಂದೆ ಮಾಡಿದರು. ಅಮ್ಮ ನಮಗೆ ಬಡಿಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಬಂಗುಡೆಯ ತಲೆಯನ್ನು ಎರಡು ಕೈಯಲ್ಲಿ ಹಿಡಿದಳು. ಬಾಗಿಲಲ್ಲಿ ಪಕ್ಕದ ಮನೆಯವಳು ಬಂದು ಅವಳನ್ನು ಕರೆದಳು. ಅಮ್ಮ ಏಳಲಿಲ್ಲ.